ಹೊರೆ ಹೊತ್ತವರ ಲೆಕ್ಕ
(ಹೇರುಗತ್ತೆ ಮತ್ತು ಸ್ಕೌಟ್ ಹುಡುಗರ ಒಂದು ಚರಿತ್ರೆ)

— ಒಬ್ಬ ನಿವೃತ್ತ ಶಿಕ್ಷಕ, ಸಂಘದ ಸದಸ್ಯ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬೇಕು ಅಂತ ಕಾರ್ಯದರ್ಶಿಗಳು ಎರಡು ಸಲ ಮನೆಗೆ ಬಂದುಹೋದರು. ಸಹಕಾರದ ಇತಿಹಾಸ ಅಂದ ಕೂಡಲೇ ಗದಗದ ಹತ್ತಿರದ ಕಣಗಿನಹಾಳ, 1905ನೇ ಇಸವಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು, ಇದು ನಮಗೆಲ್ಲ ಬಾಯಿಪಾಠ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆಯುತ್ತಾರೆ. ಆದ್ದರಿಂದ ನಾನು ಕತ್ತೆಯ ವಿಷಯ ಬರೆಯುತ್ತೇನೆ ಅಂದೆ. ಕಾರ್ಯದರ್ಶಿಗಳು ನಕ್ಕರು. ತಾವೂ ನಗಬಹುದು. ಆದರೆ ಕೊನೆಯವರೆಗೆ ಓದಿ ಆಮೇಲೆ ನಗಬೇಕೆಂದು ವಿನಂತಿ.

ಈ ವಿಷಯ ತಲೆಗೆ ಬರೋದಕ್ಕೆ ಕಾರಣ ಇದೆ. ನಾನು ಶಾಲೆಯಲ್ಲಿ ಪಾಠದ ಜೊತೆಗೆ ಸ್ಕೌಟ್ ಮಾಸ್ಟರ್ ಆಗಿಯೂ ಬಹಳ ವರ್ಷ ದುಡಿದವನು. ಅಮೆರಿಕದಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ದೀಪಾವಳಿಗೆ ಊರಿಗೆ ಬಂದಾಗ ಮನೆಗೆ ಬಂದು, ಅಲ್ಲಿ ಸ್ಕೌಟ್ ಆಗಿರುವ ಮಗನ ಫೋಟೋಗಳನ್ನು ತೋರಿಸಿದರು. ಹತ್ತು ಹನ್ನೊಂದು ಹುಡುಗರು, ಬೆನ್ನಿಗೆ ಚೀಲ, ದೊಡ್ಡ ಬೆಟ್ಟದ ದಾರಿ. ನಡುವೆ ಎರಡು ಕತ್ತೆಗಳು! "ಸಾರ್, ಇದು ಫಿಲ್ಮಾಂಟ್ ಅಂತ. ಅಲ್ಲಿ ಕತ್ತೆ ಜೊತೆ ನಡೆಯೋದನ್ನ ಹುಡುಗರಿಗೆ ಕಲಿಸ್ತಾರೆ" ಅಂದರು. ನನಗೆ ನಮ್ಮ ಊರಿನ ಒಂದು ಕತ್ತೆ, ಒಬ್ಬ ಹುಡುಗ, ಒಂದು ಗುಡ್ಡದ ದಾರಿ ನೆನಪಾಯಿತು. ಅಂದಿನಿಂದ ಈ ಚರಿತ್ರೆಯನ್ನು ಓದುತ್ತಾ ಬಂದೆ. ಓದಿದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಕತ್ತೆ ಎಲ್ಲಿಂದ ಬಂತು?

ಕತ್ತೆಯ ತವರು ಆಫ್ರಿಕಾ. ಸುಮಾರು 7,000 ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಲ್ಲಿ ಮನುಷ್ಯ ಕಾಡುಕತ್ತೆಯನ್ನು ಪಳಗಿಸಿದ ಅಂತ 2022ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆ ಹೇಳುತ್ತದೆ. ಗಾಡಿಯ ಚಕ್ರ ಉರುಳುವುದಕ್ಕೂ ಮುಂಚೆ ಕತ್ತೆಯ ಬೆನ್ನಿತ್ತು. ಮರಳುಗಾಡಿನ ಪ್ರಾಣಿಯಾದ್ದರಿಂದ ಕಡಿಮೆ ನೀರು, ಒರಟು ಮೇವು ಇದ್ದರೂ ಅದಕ್ಕೆ ಸಾಕು. ಕಲ್ಲುಮುಳ್ಳಿನ ಇಕ್ಕಟ್ಟು ದಾರಿಯಲ್ಲಿ ಕುದುರೆ ಎಡವಿದರೂ ಕತ್ತೆ ಎಡವುವುದು ಅಪರೂಪ.

ಅಮೆರಿಕ ಖಂಡದಲ್ಲಿ ಮೊದಲು ಕತ್ತೆ ಇರಲಿಲ್ಲ. ಕೊಲಂಬಸನ ನಂತರ ಸ್ಪೇನಿನವರು ಹಡಗಿನಲ್ಲಿ ತಂದರು. 1598ರಲ್ಲಿ ಹ್ವಾನ್ ಡಿ ಓನ್ಯಾತೆ ಎಂಬ ಸ್ಪೇನಿನ ಸರದಾರ ಜನ, ದನ, ಕುರಿಗಳ ದೊಡ್ಡ ದಂಡಿನೊಂದಿಗೆ ಮೆಕ್ಸಿಕೊದಿಂದ ಉತ್ತರಕ್ಕೆ ರಿಯೊ ಗ್ರಾಂಡೆ ನದಿ ದಾಟಿ ಬಂದ. ಇಂದಿನ ನ್ಯೂ ಮೆಕ್ಸಿಕೊ ರಾಜ್ಯದ ನೆಲವನ್ನು ಕತ್ತೆ ತುಳಿದದ್ದು ಹೀಗೆ. ಸ್ಪೇನಿನ ಮಾತಿನಲ್ಲಿ ಕತ್ತೆಗೆ 'ಬುರ್ರೊ' ಅಂತಾರೆ. ಅಲ್ಲಿ ಇವತ್ತಿಗೂ ಇಂಗ್ಲಿಷ್ ಮಾತಾಡುವವರು ಕೂಡ ಅದೇ ಹೆಸರನ್ನೇ ಬಳಸುತ್ತಾರೆ.

ಆ ರಾಜ್ಯದ ರಾಜಧಾನಿ ಸಾಂಟಾ ಫೆ. ಅಲ್ಲಿನ ಬಡಜನ ಗುಡ್ಡದಿಂದ ಸೌದೆ ಕಡಿದು ಕತ್ತೆಯ ಮೇಲೆ ಹೇರಿಕೊಂಡು ಪೇಟೆಗೆ ಬಂದು ಮಾರುತ್ತಿದ್ದರು. ಆ ಕತ್ತೆಗಳು ನಿಲ್ಲುತ್ತಿದ್ದ ಓಣಿಗೆ ಇವತ್ತಿಗೂ 'ಕತ್ತೆ ಓಣಿ' ಅಂತಲೇ ಹೆಸರು. ಸೌದೆ ಹೊತ್ತ ಕತ್ತೆಯ ಪ್ರತಿಮೆಯನ್ನೂ ಅಲ್ಲಿ ನಿಲ್ಲಿಸಿದ್ದಾರೆ. ರಾಜಧಾನಿಯಲ್ಲಿ ಕತ್ತೆಗೊಂದು ಪ್ರತಿಮೆ ಅಂದರೆ ನಮಗೆ ಸೋಜಿಗ. ಆದರೆ ಆ ಊರಿನ ಒಲೆ ಉರಿದದ್ದು ಯಾರ ಬೆನ್ನಿನಿಂದ ಅನ್ನೋದನ್ನ ಅವರು ಮರೆತಿಲ್ಲ.

ಚಿನ್ನ ಸಿಕ್ಕಿತು, ಕತ್ತೆ ಬೇಕಾಯಿತು

1866ರ ಸುಮಾರಿಗೆ ನ್ಯೂ ಮೆಕ್ಸಿಕೊದ ಬಾಲ್ಡಿ ಬೆಟ್ಟದ ಸುತ್ತ ಚಿನ್ನ ಸಿಕ್ಕಿತು. ಜನ ನುಗ್ಗಿದರು. ಬೆಟ್ಟದ ಬುಡದಲ್ಲಿ ಎಲಿಜಬೆತ್‌ಟೌನ್ ಎಂಬ ಊರೇ ಎದ್ದಿತು. ಬಾಲ್ಡಿಯ ಎತ್ತರ 12,441 ಅಡಿ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು! ಗಾಡಿ ಹತ್ತದ ಅಂಥ ದಾರಿಗಳಲ್ಲಿ ಹಾರೆ, ಗುದ್ದಲಿ, ಹಿಟ್ಟು, ಉಪ್ಪು ಹೊತ್ತು ಮೇಲೆ ಹೋಗುವುದು, ಅದಿರು ಹೊತ್ತು ಕೆಳಗೆ ಬರುವುದು, ಇದು ಹೇಸರಗತ್ತೆ ಮತ್ತು ಕತ್ತೆಗಳ ಕೆಲಸ. ಪಶ್ಚಿಮ ಅಮೆರಿಕದ ಗಣಿಗಳಲ್ಲೆಲ್ಲ ಇದೇ ಕಥೆ.

ಚಿನ್ನ ಮುಗಿಯಿತು. ರೈಲು ಬಂತು, ಲಾರಿ ಬಂತು. ಗಣಿಯವರು ಊರು ಬಿಟ್ಟು ಹೊರಟರು. ಕತ್ತೆಗಳನ್ನು ಏನು ಮಾಡಿದರು? ಹಗ್ಗ ಬಿಚ್ಚಿ ಕಾಡಿಗೆ, ಮರಳುಗಾಡಿಗೆ ಅಟ್ಟಿಬಿಟ್ಟರು. ನಮ್ಮಲ್ಲಿ 'ಕಾರ್ಯವಾಸಿ ಕತ್ತೆಕಾಲು' ಅಂತ ಗಾದೆ ಇದೆ. ಕೆಲಸ ಆಗುವ ತನಕ ಕಾಲು ಹಿಡಿಯೋದು, ಆದಮೇಲೆ ಯಾರ ಕತ್ತೆ ಅಂತ ಕೇಳೋದು. ಅಲ್ಲಿ ಆ ಗಾದೆ ಅಕ್ಷರಶಃ ನಡೆದುಹೋಯಿತು.

ಬಿಟ್ಟ ಕತ್ತೆಗಳು ಬದುಕಿಕೊಂಡವು, ಮಂದೆಯಾದವು. ಅವು ಗಿಡಗಂಟಿ ತಿಂದು ಹಾಳುಮಾಡುತ್ತವೆ, ಕಾಡುಪ್ರಾಣಿಗಳ ನೀರಿನ ಸೆಲೆ ಕೆಡಿಸುತ್ತವೆ ಅಂತ ದೂರು ಬಂತು. ದೂರಿನಲ್ಲಿ ಸತ್ಯವೂ ಇತ್ತು. ಗ್ರ್ಯಾಂಡ್ ಕ್ಯಾನಿಯನ್ ಎಂಬ ಪ್ರಸಿದ್ಧ ಕಣಿವೆಯ ರಾಷ್ಟ್ರೀಯ ಉದ್ಯಾನದಲ್ಲಿ 1924ರಿಂದ 1969ರ ತನಕ 2,800ಕ್ಕೂ ಹೆಚ್ಚು ಕತ್ತೆಗಳನ್ನು ಇಲ್ಲವಾಗಿಸಿದರು, ಹೆಚ್ಚಿನವು ಗುಂಡಿಗೆ ಬಲಿಯಾದವು. ಬೇರೆ ಕಡೆ ಕಾಡುಕುದುರೆ, ಕಾಡುಗತ್ತೆಗಳನ್ನು ಹಿಡಿದು ನಾಯಿ ಬೆಕ್ಕುಗಳ ಆಹಾರಕ್ಕೆ ಮಾರುವ ದಂಧೆಯೂ ನಡೆಯಿತು.

ಇದನ್ನು ತಡೆಯಲು ನಿಂತವರು ವೆಲ್ಮಾ ಜಾನ್‌ಸ್ಟನ್ ಎಂಬ ಒಬ್ಬ ಹೆಣ್ಣುಮಗಳು. ನೆವಾಡಾ ರಾಜ್ಯದ ಕಛೇರಿಯೊಂದರಲ್ಲಿ ಕಾರ್ಯದರ್ಶಿಯಾಗಿ ದುಡಿಯುತ್ತಿದ್ದವರು. ಅವರ ಜೊತೆಗೆ ನಿಂತವರು ಶಾಲಾ ಮಕ್ಕಳು. ಸಾವಿರಾರು ಮಕ್ಕಳು ತಮ್ಮ ತಮ್ಮ ಶಾಸನಸಭಾ ಸದಸ್ಯರಿಗೆ ಕೈಯಾರೆ ಪತ್ರ ಬರೆದರು. ಕೊನೆಗೆ 1971ರ ಡಿಸೆಂಬರ್ 15ರಂದು ಕಾಡುಕುದುರೆ ಮತ್ತು ಕತ್ತೆಗಳ ರಕ್ಷಣೆಯ ಕಾಯಿದೆಗೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಅದಾದ ಹತ್ತು ವರ್ಷಗಳಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಉಳಿದಿದ್ದ ಐನೂರಕ್ಕೂ ಹೆಚ್ಚು ಕತ್ತೆಗಳನ್ನು ಕೊಲ್ಲದೆ, ಹೆಲಿಕಾಪ್ಟರಿನಲ್ಲಿ ಎತ್ತಿ ಹೊರಗೆ ಸಾಗಿಸಿ, ಸಾಕುವವರಿಗೆ ಕೊಟ್ಟರು. ಮಕ್ಕಳ ಪತ್ರಕ್ಕೂ ಬೆಲೆ ಇದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಒಬ್ಬ ಶ್ರೀಮಂತರ ದಾನ

ಈಗ ಫಿಲ್ಮಾಂಟಿಗೆ ಬರೋಣ. ವೇಟ್ ಫಿಲಿಪ್ಸ್ ಎಂಬುವರು 1883ರಲ್ಲಿ ಅಯೋವಾ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದವರು. ಅವಳಿ ಸಹೋದರ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮುಂದೆ ಫಿಲಿಪ್ಸ್ ಅವರು ಓಕ್ಲಹೋಮದಲ್ಲಿ ಎಣ್ಣೆ ಬಾವಿಗಳಿಂದ ದೊಡ್ಡ ಶ್ರೀಮಂತರಾದರು. 1922ರಿಂದ ನ್ಯೂ ಮೆಕ್ಸಿಕೊದ ಸಿಮರಾನ್ ಎಂಬ ಚಿಕ್ಕ ಊರಿನ ಹತ್ತಿರ ಜಮೀನು ಕೊಳ್ಳುತ್ತಾ ಹೋಗಿ ಭಾರಿ ದನದ ಜಮೀನ್ದಾರಿ ಮಾಡಿದರು. ಅದಕ್ಕೆ ಫಿಲ್ಮಾಂಟ್ ಅಂತ ಹೆಸರಿಟ್ಟರು.

1938ರಲ್ಲಿ ಅವರು ಅದರಲ್ಲಿ 35,857 ಎಕರೆಯನ್ನು ಸ್ಕೌಟ್ ಸಂಸ್ಥೆಗೆ ದಾನ ಮಾಡಿದರು. ಹುಡುಗರು ಅಲ್ಲಿ ನಡೆದಾಡಿ ಸಂತೋಷಪಡುವುದನ್ನು ನೋಡಿ 1941ರಲ್ಲಿ ಇನ್ನೂ 91,538 ಎಕರೆ ಕೊಟ್ಟರು. ಬರೀ ನೆಲ ಕೊಟ್ಟರೆ ಖರ್ಚಿಗೇನು ಅಂತ ಯೋಚಿಸಿ, ಟಲ್ಸಾ ನಗರದಲ್ಲಿದ್ದ ಎತ್ತರದ ಕಟ್ಟಡವೊಂದನ್ನೂ ಸೇರಿಸಿ ಕೊಟ್ಟರು, ಅದರ ಬಾಡಿಗೆ ಶಿಬಿರಕ್ಕೆ ಆಗಲಿ ಅಂತ. ನಮ್ಮ ಸಂಘದ ಲೆಕ್ಕಪತ್ರ ನೋಡುವವರು ಈ ಬುದ್ಧಿಯನ್ನು ಗಮನಿಸಬೇಕು. ಫಿಲಿಪ್ಸ್ ಅವರು 1964ರಲ್ಲಿ ತೀರಿಕೊಂಡರು. ಅಂದಿನಿಂದ ಇಂದಿನವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಆ ಬೆಟ್ಟಗಳಿಗೆ ಬಂದು ಹೋಗಿದ್ದಾರೆ. 1910ರಲ್ಲಿ ಹುಟ್ಟಿದ ಆ ದೇಶದ ಸ್ಕೌಟ್ ಸಂಸ್ಥೆಯಲ್ಲಿ ಈಗ ಹೆಣ್ಣುಮಕ್ಕಳೂ ಇದ್ದಾರೆ. 2025ರಲ್ಲಿ 'ಸ್ಕೌಟಿಂಗ್ ಅಮೆರಿಕ' ಅಂತ ಹೆಸರನ್ನೂ ಬದಲಾಯಿಸಿಕೊಂಡಿದೆ.

ಸ್ಕೌಟ್ ಚಳುವಳಿ ನಮಗೂ ಹೊಸದಲ್ಲ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ. ಆಮೇಲೆ 1950ರಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ನಮ್ಮ ಊರಿನ ಮಕ್ಕಳೂ ಕೊಂಡಜ್ಜಿಯ ಶಿಬಿರಕ್ಕೆ ಹೋಗಿ ಬಂದವರೇ.

ಹುಡುಗರ ಕೈಗೆ ಕತ್ತೆಯ ಹಗ್ಗ

ಫಿಲ್ಮಾಂಟಿನಲ್ಲಿ ಒಂದೊಂದು ತಂಡದಲ್ಲಿ ಹೆಚ್ಚೆಂದರೆ ಹನ್ನೆರಡು ಜನ. ಹನ್ನೆರಡು ದಿನದ ತನಕವೂ ನಡಿಗೆ. ಎಲ್ಲರ ಬೆನ್ನಿಗೂ ಚೀಲ. ಹಗುರ ಡೇರೆ, ಹಗುರ ಪಾತ್ರೆ ಇಲ್ಲದ ಹಿಂದಿನ ಕಾಲದಲ್ಲಿ ಹೇರುಗತ್ತೆ ಇಲ್ಲದೆ ಹುಡುಗರು ಬೆಟ್ಟ ಹತ್ತುವುದು ಕಷ್ಟವಿತ್ತು. ಈಗ ಸಾಮಾನು ಹಗುರವಾಗಿದೆ, ಕತ್ತೆ ಬೇಕೇಬೇಕು ಅಂತೇನಿಲ್ಲ. ಆದರೂ ದಾರಿಯ ಕೆಲವು ದಿನಗಳಿಗೆ ಕತ್ತೆಯನ್ನು ಜೊತೆಗೆ ಕೊಡುವ ಪದ್ಧತಿಯನ್ನು ಅವರು ಬಿಟ್ಟಿಲ್ಲ. ಯಾಕೆ ಅಂದರೆ ಅದರಿಂದ ಹುಡುಗರು ಕಲಿಯುವುದು ಬಹಳ.

ಮೊದಲನೆಯದು, ಹೇರುವ ಮುಂಚೆ ಮೈ ಉಜ್ಜಬೇಕು. ಬೆನ್ನ ಮೇಲೆ ಒಂದು ಮುಳ್ಳೋ ಹರಳೋ ಇದ್ದರೆ ಹೊರೆಯ ಕೆಳಗೆ ಅದು ಹುಣ್ಣಾಗುತ್ತದೆ. ಗೊರಸು ಎತ್ತಿ ಸಂದಿಯ ಕಲ್ಲು ತೆಗೆಯಬೇಕು. ಆಮೇಲೆ ದಪ್ಪ ಕಂಬಳಿ, ಅದರ ಮೇಲೆ ಮರದ ಎರಡು ಕತ್ತರಿಕಾಲು ಜೋಡಿಸಿದ ತಡಿ. ಆ ಕತ್ತರಿಕಾಲಿಗೆ ಎಡಕ್ಕೊಂದು ಬಲಕ್ಕೊಂದು ಚೀಲ.

ಎರಡನೆಯದು, ಎರಡೂ ಚೀಲ ಸಮತೂಕ ಇರಲೇಬೇಕು. ಒಂದು ಕಡೆ ಸ್ವಲ್ಪ ಹೆಚ್ಚಾದರೂ ತಡಿ ಜಾರಿ, ಬೆನ್ನು ಉಜ್ಜಿ, ಕತ್ತೆ ನಿಂತುಬಿಡುತ್ತದೆ. ಎಲ್ಲದರ ಮೇಲೆ ಹಗ್ಗ ಬಿಗಿದಾಗ ನಡುವೆ ವಜ್ರದ ಆಕಾರ ಮೂಡುವ ಒಂದು ಗಂಟಿದೆ. ಗಣಿ ಕಾಲದ ಆ ಗಂಟನ್ನೇ ಇಂದಿಗೂ ಹುಡುಗರಿಗೆ ಕಲಿಸುತ್ತಾರೆ. ಹೊಟ್ಟೆಪಟ್ಟಿ ಬಿಗಿಯುವಾಗ ಕತ್ತೆ ಉಸಿರು ತುಂಬಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ! ಅದಕ್ಕೆ ಸ್ವಲ್ಪ ದೂರ ನಡೆಸಿ ಮತ್ತೊಂದು ಸಲ ಬಿಗಿಯಬೇಕು.

ಮೂರನೆಯದು, ಕತ್ತೆಗೆ ತಕ್ಕ ಹೊರೆ. ಆ ಜಾತಿಯ ಕತ್ತೆ ಸುಮಾರು ಎರಡು ಕ್ವಿಂಟಾಲ್ ತೂಗುತ್ತದೆ. ತನ್ನ ತೂಕದ ಐದನೇ ಒಂದು ಪಾಲು, ಅಂದರೆ ನಲವತ್ತು ಕೆ.ಜಿ.ಯ ಸುಮಾರು ಹೊತ್ತರೆ ದಿನವಿಡೀ ಸುಖವಾಗಿ ನಡೆಯುತ್ತದೆ. ಹನ್ನೆರಡು ಜನರ ಹೊರೆಯೆಲ್ಲ ಅದರ ಮೇಲೆ ಹಾಕುವಂತಿಲ್ಲ. ಊಟದ ಸಾಮಾನು, ಡೇರೆಯಂಥ ಎಲ್ಲರಿಗೂ ಸೇರಿದ ವಸ್ತು ಮಾತ್ರ ಅದಕ್ಕೆ. ಅವರವರ ಸ್ವಂತದ್ದು ಅವರವರ ಬೆನ್ನಿಗೆ. ಇದನ್ನು ಓದಿದಾಗ ನನಗೆ ಸಹಕಾರ ಸಂಘದ ಬೈಲಾ ಓದಿದ ಹಾಗೇ ಅನ್ನಿಸಿತು.

ನಾಲ್ಕನೆಯದು, ತಾಳ್ಮೆ. ಕತ್ತೆ ಮೊಂಡು ಅಂತ ನಾವೆಲ್ಲ ಅಂತೀವಿ. ತಿಳಿದವರು ಹೇಳುವುದೇ ಬೇರೆ. ಕುದುರೆ ಹೆದರಿದರೆ ಓಡುತ್ತದೆ. ಕತ್ತೆ ಹೆದರಿದರೆ ನಿಂತು ಯೋಚಿಸುತ್ತದೆ. ಹರಿಯುವ ನೀರು, ಹಲಗೆಯ ಸೇತುವೆ ಕಂಡರಂತೂ ಹೆಜ್ಜೆ ಇಡೋದಿಲ್ಲ. ಎಳೆದರೆ ಇನ್ನಷ್ಟು ಹಿಂದಕ್ಕೆ ಜಗ್ಗುತ್ತದೆ. ಹೊಡೆದರೆ ನಂಬಿಕೆ ಹೋಯಿತು. ಒಬ್ಬ ಮುಂದೆ ಹೋಗಿ ನೀರಿನಲ್ಲಿ ನಿಂತು ತೋರಿಸಬೇಕು, ಕಾಯಬೇಕು. ಅರ್ಧ ಗಂಟೆ ಕಾದರೂ ಕಾಯಬೇಕು. ಬಿರುಸಾಗಿ ನಡೆಯುವ ಹುಡುಗನೂ ಆಗ ನಿಂತು ಕೂರಲೇಬೇಕು, ನಿಧಾನದ ಹುಡುಗ ಬಂದು ಸೇರಿಕೊಳ್ಳುತ್ತಾನೆ. ಸಂಜೆ ಬೀಡು ಬಿಟ್ಟಾಗ ಹುಡುಗರು ಉಣ್ಣುವ ಮುಂಚೆ ಕತ್ತೆಯ ಹೊರೆ ಇಳಿಸಿ, ನೀರು ಮೇವು ಕೊಡಬೇಕು. ಇದು ಕಡ್ಡಾಯ.

ನಮ್ಮ ಗುಡ್ಡದ ದಾರಿಯಲ್ಲಿ

ಇದನ್ನೆಲ್ಲ ಪುಸ್ತಕದಲ್ಲಿ ಓದುವ ಮೂವತ್ತೈದು ವರ್ಷ ಮುಂಚೆಯೇ ನನಗೆ ಒಬ್ಬ ಹುಡುಗ ಕಲಿಸಿದ್ದ. ಈಗ ಅದನ್ನು ಹೇಳುತ್ತೇನೆ.

ಒಂದು ಜನವರಿಯಲ್ಲಿ ಹದಿನೆಂಟು ಸ್ಕೌಟ್ ಹುಡುಗರನ್ನು ಕರಕೊಂಡು ಗುಡ್ಡದ ಮೇಲೆ ಎರಡು ದಿನದ ಶಿಬಿರಕ್ಕೆ ಹೊರಟೆ. ಅಕ್ಕಿ, ರಾಗಿಹಿಟ್ಟು, ದೊಡ್ಡ ತಪ್ಪಲೆ, ತಾಡಪಾಲು, ಲಾಟೀನು. ಮಕ್ಕಳು ಹೊರಲಾರರು ಅಂತ ನಮ್ಮ ಊರಿನ ಮಡಿವಾಳರ ಮನೆಯ ಕತ್ತೆ ಕೇಳಿದೆ. ಅವರು ಕೊಟ್ಟರು, ಬಾಡಿಗೆ ತಗೊಳ್ಳಲಿಲ್ಲ. ಅವರ ಮಗ ನನ್ನ ದಳದಲ್ಲೇ ಇದ್ದ. ಅವನನ್ನು ಹುಡುಗರು 'ಕತ್ತೆ' ಅಂತಲೇ ಕರೆಯುತ್ತಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು. ಮಕ್ಕಳ ಮಾತು ಅಂತ ನಾನೂ ಸುಮ್ಮನಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನೇ ಮುಂದೆ ನಿಂತು ಒಂದು ಕಡೆ ಅಕ್ಕಿ ಮೂಟೆ, ಇನ್ನೊಂದು ಕಡೆ ಪಾತ್ರೆ ಕಟ್ಟಿಸಿದೆ. ಅರ್ಧ ಮೈಲಿ ಹೋಗುವಷ್ಟರಲ್ಲಿ ಹೇರು ಹೊಟ್ಟೆಯ ಕೆಳಕ್ಕೆ ಜಾರಿ, ಕತ್ತೆ ಹಳ್ಳದ ಅಂಚಿನಲ್ಲಿ ನಿಂತುಬಿಟ್ಟಿತು. ಹುಡುಗರು ಕೋಲಿನಲ್ಲಿ ಬಡಿಯಲು ಶುರುಮಾಡಿದರು. ಹಿಂದೆ ಬರುತ್ತಿದ್ದ ಆ ಹುಡುಗ ಓಡಿಬಂದ. "ಸಾ, ಹೊಡೀಬ್ಯಾಡಿ ಅನ್ನಿ ಸಾ. ಅದರ ತಪ್ಪಲ್ಲ. ಹೇರು ಒಂದ್ ಕಡೆ ಎಳೀತೈತೆ" ಅಂದ. ಎಲ್ಲ ಇಳಿಸಿದ. ಅಂಗೈಯಲ್ಲಿ ಬೆನ್ನು ಸವರಿ ಗೋಣಿತಟ್ಟಿನ ಕೆಳಗೆ ಸಿಕ್ಕಿದ್ದ ಜಾಲಿಮುಳ್ಳೊಂದನ್ನು ತೆಗೆದ. ಅಕ್ಕಿಯನ್ನು ಎರಡು ಚೀಲಕ್ಕೆ ಸುರಿದು, ಒಂದೊಂದು ಕೈಯಲ್ಲಿ ಒಂದೊಂದು ಎತ್ತಿ ತೂಕ ನೋಡಿ, ಸಮ ಮಾಡಿ ಕಟ್ಟಿದ. ಆಮೇಲೆ ತಾನೇ ಹಳ್ಳಕ್ಕೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ಸುಮ್ಮನೆ ನಿಂತ. ಹತ್ತು ನಿಮಿಷ ಆಗಿರಬೇಕು. ಕತ್ತೆ ತಾನಾಗಿ ನಡೆದುಕೊಂಡು ಬಂತು.

ಅವತ್ತು ಮಧ್ಯಾಹ್ನದ ಮೇಲೆ ಹುಡುಗರು ಅವನನ್ನು ಹೆಸರು ಹಿಡಿದು ಕರೆದರು. "ಗಂಟು ಹೆಂಗೆ ಹಾಕೋದು, ನಮಗೂ ತೋರಿಸೋ" ಅಂತ ಸುತ್ತ ಕೂತರು. ಮೇಷ್ಟ್ರಾದ ನಾನೂ ಕೂತೆ.

ಈಗ ಕತ್ತೆ ಎಲ್ಲಿದೆ?

ಆ ಕತ್ತೆಯ ಸಂತತಿ ಈಗ ನಮ್ಮ ಊರಿನಲ್ಲಿ ಇಲ್ಲ. ಊರೊಂದರ ಮಾತಲ್ಲ ಇದು. ಸರ್ಕಾರದ ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ಇಡೀ ದೇಶದಲ್ಲಿ ಸುಮಾರು 3 ಲಕ್ಷ 20 ಸಾವಿರ ಕತ್ತೆಗಳಿದ್ದವು. 2019ರ ಗಣತಿಯಲ್ಲಿ 1 ಲಕ್ಷ 20 ಸಾವಿರಕ್ಕೆ ಇಳಿದವು. ಏಳೇ ವರ್ಷದಲ್ಲಿ ಶೇಕಡಾ 61 ಇಳಿಕೆ. ಟ್ರಾಕ್ಟರು, ಟಿಪ್ಪರು, ಇಟ್ಟಿಗೆಗೂಡಿನ ಯಂತ್ರ ಬಂದವು. ಚೀನಾದಲ್ಲಿ ಕತ್ತೆಯ ಚರ್ಮದಿಂದ ಒಂದು ಔಷಧಿ ಮಾಡುತ್ತಾರೆ. ಅದಕ್ಕಾಗಿ ಜಗತ್ತಿನ ಎಷ್ಟೋ ದೇಶಗಳಲ್ಲಿ ಕತ್ತೆಗಳು ಕಡಿಮೆಯಾದವು. ಯಂತ್ರ ಬೇಡ ಅಂತ ನಾನು ಹೇಳುವುದಿಲ್ಲ. ನಾನೂ ಗೊಬ್ಬರವನ್ನು ಟ್ರಾಕ್ಟರಿನಲ್ಲೇ ತರಿಸುವವನು. ಆದರೆ ಹೊತ್ತವರನ್ನು ಮರೆಯಬಾರದು.

ಕೊನೆಯ ಮಾತು

ಸದಸ್ಯ ಬಾಂಧವರೇ, ನಮ್ಮ ಸಂಘದ ಗೋದಾಮು ಕಟ್ಟುವಾಗ ಹಳ್ಳಕ್ಕೆ ಟ್ರಾಕ್ಟರ್ ಇಳಿಯುತ್ತಿರಲಿಲ್ಲ. ಮರಳನ್ನು ದಿನ್ನೆಗೆ ಹತ್ತಿಸಿದ್ದು ಅದೇ ಮನೆಯ ಕತ್ತೆಗಳು. ಗೋದಾಮಿನ ಗೋಡೆಯ ಕಲ್ಲಿನಲ್ಲಿ ದಾನಿಗಳ ಹೆಸರಿವೆ, ನನ್ನ ಹೆಸರೂ ಇದೆ. ಮರಳು ತಂದವರದು ಇಲ್ಲ.

ಇನ್ನೊಂದು ಮಾತನ್ನೂ ಹೇಳಿ ಹಗುರಾಗುತ್ತೇನೆ. ಆರಂಭದ ದಿನಗಳಲ್ಲಿ ಆ ಹಿರಿಯರು ಇನ್ನೊಂದು ಕತ್ತೆ ಕೊಳ್ಳಲು ಸಣ್ಣ ಸಾಲ ಕೇಳಿ ನಮ್ಮ ಸಂಘಕ್ಕೆ ಬಂದಿದ್ದರು. ಅವರಿಗೆ ಜಮೀನಿಲ್ಲ, ಪಹಣಿ ಇಲ್ಲ, ಷೇರಿಲ್ಲ. 'ಅರ್ಜಿ ಪರಿಶೀಲಿಸಿ ತಿರಸ್ಕರಿಸಲಾಯಿತು' ಅಂತ ನಡಾವಳಿ ಪುಸ್ತಕದಲ್ಲಿದೆ. ಕೆಳಗಿನ ಸಹಿಗಳಲ್ಲಿ ನನ್ನದೂ ಒಂದು. ನಿಯಮದ ಪ್ರಕಾರ ಅದು ಸರಿಯೇ ಇತ್ತು. ಆದರೆ ಹೇರು ಒಂದು ಕಡೆಗೆ ಎಳೆಯುತ್ತಿತ್ತು.

ಈಗ ಕಾಲ ಬದಲಾಗಿದೆ ಅನ್ನುವುದು ಸಂತೋಷ. ಸ್ವಸಹಾಯ ಗುಂಪುಗಳ ಮೂಲಕ ಜಮೀನಿಲ್ಲದ ಮನೆಗಳಿಗೂ ನಮ್ಮ ಸಂಘ ಸಾಲ ಕೊಡುತ್ತಿದೆ. ಅಂದಿನ ಆ ಹುಡುಗ ಇಂದು ಪೇಟೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾನೆ. ಅವನ ಮನೆಯಾಕೆ ನಮ್ಮ ಸಂಘದ ಸಾಲದಲ್ಲೇ ಹೊಲಿಗೆ ಯಂತ್ರ ತೆಗೆದುಕೊಂಡು, ಒಂದು ಕಂತೂ ತಪ್ಪಿಸದೆ ಕಟ್ಟಿದ್ದಾರೆ.

ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಕೋರಿಕೆ. ಬೆಳ್ಳಿಹಬ್ಬದ ನೆನಪಿಗೆ ಗೋದಾಮಿನ ಕಲ್ಲಿನಲ್ಲಿ ಇನ್ನೊಂದು ಸಾಲು ಕೆತ್ತಿಸಿ. ಮರಳು, ಕಲ್ಲು, ನೀರು ಹೊತ್ತ ಕೂಲಿಯವರನ್ನೂ ಅವರ ಪ್ರಾಣಿಗಳನ್ನೂ ನೆನೆಯುವ ಒಂದೇ ಸಾಲು ಸಾಕು. ಕೆತ್ತುವ ಖರ್ಚು ನಾನು ಕೊಡುತ್ತೇನೆ. ಮುಂದಿನ 25 ವರ್ಷದಲ್ಲಿ ನಮ್ಮ ಸಂಘದ ಹೇರು ಎರಡೂ ಕಡೆ ಸಮವಾಗಿರಲಿ, ಮುಂದೆ ಹೋದವರು ಹಿಂದಿನವರು ಬರುವ ತನಕ ನಿಂತು ಕಾಯಲಿ ಅಂತ ಹಾರೈಸಿ ಮುಗಿಸುತ್ತೇನೆ.